ಸ್ಟಿಕ್ಕರ್ ಕೆರೆದ ಜೀಪು: ಹಾಸನದಿಂದ ಕಡೂರಿನವರೆಗೆ ಆರು ದಿನ

ಮೊದಲ ದಿನ, ಹಾಸನ

ಬಾಡಿಗೆ ಜೀಪು ಬೆಳಿಗ್ಗೆ ಏಳಕ್ಕೆ ಬಂತು. ಹಿಂದಿನ ಗಾಜಿನ ಮೇಲೆ ಅಂಗೈಯಗಲದ ಕೆಂಪು ರಿಬ್ಬನ್ನು, ಯಾವುದೋ ಡಿಸೆಂಬರ್ 1ರ, ವಿಶ್ವ ಏಡ್ಸ್ ದಿನದ, ಜಾಥಾದಲ್ಲಿ ಅಂಟಿಸಿದ್ದು. ಸೀಮೆಎಣ್ಣೆ ಅದ್ದಿದ ಬಟ್ಟೆ, ಹಳೆಯ ಬ್ಲೇಡು, ಇಪ್ಪತ್ತು ನಿಮಿಷ. ಪ್ರವಾಸದ ಮೊದಲ ಕೆಲಸ ಅದೇ ಆಯಿತು. ಡ್ರೈವರಿಗೆ ಬೇಜಾರು: "ಇರ್ಲಿ ಬಿಡಿ ಸಾರ್, ಇದಿದ್ರೆ ಚೆಕ್‌ಪೋಸ್ಟಲ್ಲಿ ಯಾರೂ ಕೈ ಅಡ್ಡ ಹಾಕಲ್ಲ." ಆದರೆ ಆ ಗುರುತಿನ ಗಾಡಿ ಒಂದು ಹಳ್ಳಿಯಲ್ಲಿ ಒಂದು ಮನೆಯ ಮುಂದೆ ಐದು ನಿಮಿಷ ನಿಂತರೆ, ಆ ಮನೆಯವರು ವರ್ಷಗಟ್ಟಲೆ ಒಳಗೆ ಇಟ್ಟುಕೊಂಡ ಮಾತು ಸಂಜೆಯೊಳಗೆ ಅರಳಿಕಟ್ಟೆಗೆ ಬಂದಿರುತ್ತದೆ. ಎಚ್‌ಐವಿಯ ಸುತ್ತಲಿನ ಕಳಂಕವನ್ನು ಅಳೆಯಲು ಹೊರಟವರೇ ಅದನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಮನೆಬಾಗಿಲಲ್ಲಿ ಇಳಿಸಿ ಬರುವುದು ಬಹಳ ಸುಲಭ. ಈ ಆರು ದಿನದ ದಾರಿ, ಹೊತ್ತು, ಚೀಲದೊಳಗಿನ ಸಾಮಾನು ಎಲ್ಲವನ್ನೂ ತೀರ್ಮಾನಿಸಿದ್ದು ಆ ಭಯವೇ.

ತಂಡದಲ್ಲಿ ಐದು ಜನ. ಸಂದರ್ಶನಕ್ಕೆ ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಐದನೆಯವರು ವೈರಸ್ಸಿನೊಂದಿಗೇ ಬದುಕುತ್ತ, ಅದನ್ನು ನಾಲ್ಕು ಜನರ ಮುಂದೆ ಹೇಳಲು ಒಪ್ಪಿರುವ ತರಬೇತುದಾರರು. ಸಂದರ್ಶಕರು ಅದೇ ತಾಲ್ಲೂಕಿನವರಾಗಿರಬಾರದು. ಹಾಸನದ ಸೀಮೆಯಲ್ಲಿ ಎರಡನೇ ಮಾತಿಗೆ "ಯಾವೂರಾಯ್ತು?", ಮೂರನೇ ಮಾತಿಗೆ "ಯಾರ ಪೈಕಿ?" ಬರುತ್ತದೆ, ನಾಲ್ಕನೆಯ ಮಾತಿಗೆ ಇಬ್ಬರಿಗೂ ಗೊತ್ತಿರುವ ಸೋದರಮಾವ ಒಬ್ಬ ಸಿಕ್ಕೇ ಸಿಗುತ್ತಾನೆ. ಅಲ್ಲಿಗೆ ಸಂದರ್ಶನ ಮುಗಿದಂತೆ. ಅರಸೀಕೆರೆಯವರನ್ನು ಮೂಡಿಗೆರೆಗೆ, ತರೀಕೆರೆಯವರನ್ನು ಸಕಲೇಶಪುರಕ್ಕೆ ಹಾಕಿದರೆ ಭಾಷೆಯ ಧಾಟಿ ಸ್ವಲ್ಪ ಬೇರೆಯಾದರೂ ನೆಂಟಸ್ತನದ ಕಾಟ ಕಡಿಮೆ.

ಚೀಲದಲ್ಲಿ ಎರಡು ಟ್ಯಾಬ್ಲೆಟ್ ಕಂಪ್ಯೂಟರು, ನಾಲ್ಕು ಇಯರ್‌ಫೋನು, ಬಿಪಿ ನೋಡುವ ಯಂತ್ರ, ಶುಗರ್ ನೋಡುವ ಪಟ್ಟಿಗಳು, ಸೂಜಿ ಹಾಕಲು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ. ಕಾಗದಗಳ ಮೇಲೆ ಎಚ್‌ಐವಿ ಎಂಬ ಅಕ್ಷರ ಎಲ್ಲೂ ಇಲ್ಲ. ಹೊರಗಿನ ಹೆಸರು "ಆರೋಗ್ಯ ಸೇವೆ ಸಮೀಕ್ಷೆ". ಇದು ಸುಳ್ಳಲ್ಲ, ಎದುರಿಗಿರುವವರಿಗೆ ಒಬ್ಬರೇ ಇದ್ದಾಗ ಪೂರ್ತಿ ಉದ್ದೇಶ ಹೇಳಿ, ಬೇಡವೆಂದರೆ ಎದ್ದು ಹೋಗಬಹುದೆಂದು ಹೇಳಿ, ಆಮೇಲೆ ಒಪ್ಪಿಗೆ ಕೇಳುವುದು. ಒಪ್ಪಿಗೆ ಬಾಯಿಮಾತಿನದು. ಸಹಿ ಮಾಡಿಸಿದರೆ ಆ ಸಹಿಯ ಹಾಳೆಯೊಂದೇ ಇಡೀ ಅಧ್ಯಯನದಲ್ಲಿ ಹೆಸರಿರುವ ಕಾಗದವಾಗುತ್ತದೆ, ಕಳೆದುಹೋಗುವುದೂ ಅದೇ. ಬಾಯಿಮಾತು ಸಾಕು ಎಂಬುದಕ್ಕೆ ಸಂಶೋಧನೆಯ ನೈತಿಕತೆ ನೋಡುವ ಸಮಿತಿಯಿಂದ ಮೊದಲೇ ಒಪ್ಪಿಗೆ ಪಡೆದಿರಬೇಕು, ಹಳ್ಳಿಗೆ ಹೋದಮೇಲೆ ನೆನಪಾದರೆ ಆಗದು. ಉತ್ತರ ಪತ್ರಿಕೆಯಲ್ಲಿ ಸಂಕೇತ ಸಂಖ್ಯೆ ಮಾತ್ರ. ಸಂಖ್ಯೆಗೂ ಫೋನ್ ನಂಬರಿಗೂ ಕೊಂಡಿ ಇರುವ ಪಟ್ಟಿ ಬೇರೆ ಊರಿನಲ್ಲಿ, ಬೇರೆಯವರ ಬೀರುವಿನಲ್ಲಿ.

ಫೋನಿನ ಶಿಸ್ತು ಇನ್ನೂ ಕಷ್ಟ. ಟ್ರೂಕಾಲರ್ ಬಂದಮೇಲೆ ಆಪ್ತಸಮಾಲೋಚಕರ ನಂಬರನ್ನು ಯಾರೋ "ಏಆರ್‌ಟಿ ಮೇಡಂ" (ಏಆರ್‌ಟಿ ಎಂದರೆ ಎಚ್‌ಐವಿ ಚಿಕಿತ್ಸೆ) ಎಂದು ಉಳಿಸಿಕೊಂಡಿದ್ದರೆ, ಕರೆ ಹೋದ ಕಡೆ ಅತ್ತೆಯ ಎದುರಿಗೆ ಪರದೆಯ ಮೇಲೆ ಅದೇ ಹೆಸರು ಮಿನುಗುತ್ತದೆ. ಅದಕ್ಕೆ ಹೊಸ ಸಿಮ್ಮು, ಹೊರಡುವ ಮುಂಚೆ ಅದರಿಂದ ಮೂರು ಬೇರೆ ಫೋನಿಗೆ ಕರೆ ಮಾಡಿ ಏನು ಹೆಸರು ಬರುತ್ತದೆ ಎಂದು ನೋಡುವುದು. ವಾಟ್ಸಾಪ್ ಸಂದೇಶ ಬೇಡ. ಬೇರೆಯವರು ಫೋನ್ ಎತ್ತಿದರೆ ಏನು ಹೇಳಬೇಕೆಂದು ಮೊದಲೇ ಆ ವ್ಯಕ್ತಿಯನ್ನೇ ಕೇಳಿಟ್ಟುಕೊಳ್ಳಬೇಕು. "ಸಂಘದ ಸಾಲದ ವಿಷಯ" ಎಂದು ಹೇಳಿ ಎಂದವರೂ ಉಂಟು, "ಸಾಲ ಅಂತ ಮಾತ್ರ ಅನ್ನಬೇಡಿ, ಮನೆಯಲ್ಲಿ ಜಗಳ ಆಗುತ್ತೆ" ಎಂದವರೂ ಉಂಟು. ಸಂತೆಯಲ್ಲಿ, ಬಸ್ಸಿನಲ್ಲಿ ಎದುರು ಸಿಕ್ಕರೆ ತಂಡದವರು ತಾವಾಗಿ ಮಾತಾಡಿಸುವಂತಿಲ್ಲ.

ಎರಡನೇ ದಿನ, ಹಾಸನ

ಏಆರ್‌ಟಿ ಕೇಂದ್ರ ಎಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆ ಪುಕ್ಕಟೆ ಸಿಗುವ ಜಾಗ. ಸರ್ಕಾರ ಇದನ್ನು 2004ರ ಏಪ್ರಿಲ್ 1ರಿಂದ ಕೊಡುತ್ತಿದೆ. 2017ರಿಂದ ಸಿಡಿ4 (ರೋಗ ತಡೆಯುವ ರಕ್ತಕಣಗಳ) ಎಣಿಕೆ ಇಳಿಯುವವರೆಗೆ ಕಾಯುವುದೂ ನಿಂತಿತು. ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ. ಈಗಿನ ಮುಖ್ಯ ಮಾತ್ರೆಯಲ್ಲಿ ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಸೇರಿರುತ್ತವೆ. ದಿನಕ್ಕೆ ಒಂದು. ವೈದ್ಯಶಾಸ್ತ್ರದ ಕಡೆಯಿಂದ ನೋಡಿದರೆ ಬಿಪಿ, ಶುಗರಿನ ಮಾತ್ರೆಗಿಂತ ಇದು ಸರಳ. ರಕ್ತದಲ್ಲಿ ವೈರಸ್ಸು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ದಾಟುವುದಿಲ್ಲ ಎಂಬುದು ದೊಡ್ಡ ಅಧ್ಯಯನಗಳಿಂದ ಸಿದ್ಧವಾಗಿದೆ. ಹಾಗಿದ್ದೂ ಜನ ತಪ್ಪಿಸಿಕೊಳ್ಳುವುದು ಏಕೆ ಎಂದರೆ ಒಂದು ಬೆಂಚು ನೋಡಬೇಕು.

ಯಾವ ಆಸ್ಪತ್ರೆಗೆ ಹೋದರೂ ನೋಡಬೇಕಾದ ಮೊದಲ ವಸ್ತು ಅದು. ಬೆಂಚಿನ ಮೇಲ್ಗಡೆ ಬೋರ್ಡು ಇದೆಯೇ? ಬೆಂಚು ಓಡಾಡುವ ದಾರಿಗೆ ಮುಖ ಮಾಡಿದೆಯೇ? ಔಷಧಿ ಕಿಟಕಿಯಲ್ಲಿ ಹೆಸರು ಕೂಗುತ್ತಾರೆಯೇ, ಟೋಕನ್ ಸಂಖ್ಯೆಯೇ? ಮೂರಕ್ಕೂ ಉತ್ತರ ತಪ್ಪಾಗಿದ್ದರೆ ಬೆಂಚು ಖಾಲಿ ಇರುತ್ತದೆ, ಎದುರಿನ ಟೀ ಅಂಗಡಿ ತುಂಬಿರುತ್ತದೆ. ಅಂಗಡಿಯವನಿಗೆ ಯಾರ್ಯಾರು ಯಾಕೆ ಬಂದಿದ್ದಾರೆಂದು ಆಸ್ಪತ್ರೆಯ ರಿಜಿಸ್ಟರಿಗಿಂತ ಚೆನ್ನಾಗಿ ಗೊತ್ತು. ರಿಪೇರಿ ದುಬಾರಿಯಲ್ಲ: ಬೆಂಚನ್ನು ಚರ್ಮರೋಗ, ಮಧುಮೇಹದವರೂ ಕೂರುವ ಹಜಾರಕ್ಕೆ ಸರಿಸುವುದು, ಬಾಗಿಲ ಮೇಲೆ ಕೊಠಡಿ ಸಂಖ್ಯೆ ಮಾತ್ರ ಬರೆಯುವುದು, ಟೋಕನ್ ಕೊಡುವುದು. ಬೋರ್ಡು ತೆಗೆದರೆ ಹೊಸಬರಿಗೆ ದಾರಿ ಹೇಗೆ ಗೊತ್ತಾಗಬೇಕು ಎಂಬ ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಪರೀಕ್ಷೆ ಮಾಡಿದ ಆಪ್ತಸಮಾಲೋಚಕರೇ ಮೊದಲ ಸಲ ಜೊತೆಯಲ್ಲಿ ನಡೆದು ಬಂದು ಬಿಟ್ಟುಹೋಗುವುದು ಅದಕ್ಕೆ ಉತ್ತರ. ಎರಡನೇ ಸಲಕ್ಕೆ ಬೋರ್ಡು ಬೇಕಿಲ್ಲ.

ಊರಿನ ಹತ್ತಿರದ ಕೇಂದ್ರ ಬಿಟ್ಟು ದೂರಕ್ಕೆ ಹೋಗುವುದು ಇನ್ನೊಂದು ಲೆಕ್ಕ. ಕಡೂರಿನವರು ಹಾಸನಕ್ಕೆ ಅಥವಾ ಶಿವಮೊಗ್ಗಕ್ಕೆ, ಸಕಲೇಶಪುರದವರು ಮಂಗಳೂರಿಗೆ, ಹಾಸನದವರು ಮೈಸೂರಿಗೆ ಹೋಗುವುದೆಲ್ಲ ಈ ಲೆಕ್ಕದಲ್ಲೇ. ಬಸ್ ಚಾರ್ಜು, ಒಂದು ದಿನದ ಕೂಲಿ, ಹೋಟೆಲ್ ಊಟ: ಗುಟ್ಟು ಉಳಿಸಿಕೊಳ್ಳಲು ತೆರುವ ಕಂದಾಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚು ತಪ್ಪಿದೆ. ಗಂಡಸರಿಗೆ ಹಾಗೇ ಇದೆ. ಆದರೆ ಹೆಂಗಸರಿಗೆ ಟಿಕೆಟ್ಟಿಗಿಂತ ನೆಪ ಹುಡುಕುವುದು ಕಷ್ಟ. ದೇವಸ್ಥಾನ ಎನ್ನಬಹುದು, ಆದರೆ ಹಾಸನಾಂಬೆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ಚೆನ್ನಾಗಿ ಹತೋಟಿಯಲ್ಲಿರುವವರಿಗೆ ಒಮ್ಮೆಗೇ ಮೂರು ತಿಂಗಳ ಮಾತ್ರೆ ಕೊಡುವ ಪದ್ಧತಿ ಇಂಥ ಕಡೆ ಭಾಷಣಕ್ಕಿಂತ ಹೆಚ್ಚು ಕಳಂಕ ಇಳಿಸುತ್ತದೆ: ವರ್ಷಕ್ಕೆ ಹನ್ನೆರಡು ನೆಪದ ಬದಲು ನಾಲ್ಕು.

ಮಾತ್ರೆ ತಪ್ಪಿದ ಕಾರಣ ಬರೆಯುವ ಕಾಲಮ್ಮಿನಲ್ಲಿ "ಕೆಲಸವಿತ್ತು", "ಹುಷಾರಿರಲಿಲ್ಲ", "ಊರಲ್ಲಿರಲಿಲ್ಲ" ಎಂಬ ಮನೆಗಳಿರುತ್ತವೆ. "ನಮ್ಮೂರಿನವರೊಬ್ಬರು ಬೆಂಚಿನ ಮೇಲೆ ಕೂತಿದ್ದರು, ವಾಪಸ್ ಬಂದೆ" ಎಂಬುದಕ್ಕೆ ಮನೆಯಿಲ್ಲ. ನಮ್ಮ ಟ್ಯಾಬ್ಲೆಟ್ಟಿನಲ್ಲಿ ಸಂಜೆ ಅದನ್ನು ಸೇರಿಸಲಾಯಿತು.

ಮೂರನೇ ದಿನ, ಒಂದು ತಾಲ್ಲೂಕು ಆಸ್ಪತ್ರೆ

ಹಾಸನ ಜಿಲ್ಲೆಯದೇ. ಯಾವುದೆಂದು ಹೇಳದಿರುವುದೂ ಈ ಕೆಲಸದ ಭಾಗ. ಹೆಸರು ಹೊರಬಿದ್ದರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ.

ತರಬೇತಿ ಹತ್ತಕ್ಕೆ. ತಂಡ ವಾರ್ಡಿಗೆ ಹೋಗಬೇಕಾದದ್ದು ಎಂಟಕ್ಕೆ, ಆ ಎರಡು ಗಂಟೆ ಏನೂ ಮಾತಾಡದೆ ನೋಡುವುದಕ್ಕೆ. ಪ್ರಶ್ನೆ ಪತ್ರಿಕೆ ಕೊಟ್ಟರೆ ಸಿಸ್ಟರುಗಳು ನೂರಕ್ಕೆ ನೂರು ಸರಿ ಬರೆಯುತ್ತಾರೆ: ಸೊಳ್ಳೆಯಿಂದ ಹರಡುವುದಿಲ್ಲ, ಲೋಟದಿಂದ ಹರಡುವುದಿಲ್ಲ, ಕೈ ಕುಲುಕಿದರೆ ಹರಡುವುದಿಲ್ಲ. ಕೈ ಬೇರೆ ಕಥೆ ಹೇಳುತ್ತದೆ. ಕೇಸ್ ಶೀಟಿನ ಮೂಲೆಯಲ್ಲಿ ಕೆಂಪು ಶಾಯಿಯ ಗುರುತು. "ಮೂರನೇ ಬೆಡ್ಡು ರೆಟ್ರೋ" ಎಂದು ಗಟ್ಟಿಯಾಗಿ ಹೇಳುವುದು. ಎಚ್‌ಐವಿಗೆ ಇದು ಸಂಕೇತ ಭಾಷೆ ಎಂದು ಅವರ ನಂಬಿಕೆ, ಪಕ್ಕದ ಬೆಡ್ಡಿನ ಅಜ್ಜಿಗೂ ಅರ್ಥವಾಗಿರುತ್ತದೆ. ಶೌಚಾಲಯದ ಪಕ್ಕದ ಹಾಸಿಗೆ. ಜ್ವರ ನೋಡಲು ಎರಡು ಜೊತೆ ಗ್ಲೌಸು, ಆದರೆ ಪಕ್ಕದ ಅಪರಿಚಿತ ರೋಗಿಗೆ ಸೂಜಿ ಚುಚ್ಚುವಾಗ ಬರಿಗೈ. ಆಪರೇಷನ್ ಇದ್ದರೆ ಪಟ್ಟಿಯ ಕೊನೆಯ ಹೆಸರು. ಇವನ್ನೆಲ್ಲ ಗುರುತು ಹಾಕಲು ಹನ್ನೆರಡು ಸಾಲಿನ ಪಟ್ಟಿ ಸಾಕು. ಕಣ್ಣಾರೆ ಕಂಡದ್ದು ಮಾತ್ರ, ಯಾರು ಎಂದಲ್ಲ, ಎಷ್ಟು ಸಲ ಎಂದು.

ಒಬ್ಬ ಆಯಾ ಕೇಳಿದ ಪ್ರಶ್ನೆ ಇಡೀ ತರಬೇತಿಗೆ ದಾರಿ ಮಾಡಿತು: "ನಮಗೂ ಮಕ್ಕಳಿದಾವೆ ಮೇಡಂ, ಹುಷಾರಾಗಿರೋದು ತಪ್ಪಾ?" ತಪ್ಪಲ್ಲ. ಹುಷಾರು ತಪ್ಪಾದ ಜಾಗದಲ್ಲಿ ಖರ್ಚಾಗುತ್ತಿದೆ ಅಷ್ಟೆ. ಯಾರ ರಕ್ತದಲ್ಲಿ ಏನಿದೆ ಎಂದು ಮುಖ ನೋಡಿ ಗೊತ್ತಾಗದು, ಆದ್ದರಿಂದ ರಕ್ತ ತಾಕುವ ಕೆಲಸದಲ್ಲಿ ಎಲ್ಲರಿಗೂ ಗ್ಲೌಸು, ತಾಕದ ಕೆಲಸದಲ್ಲಿ ಯಾರಿಗೂ ಬೇಡ. ಇದು ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ. ಒಬ್ಬ ಸಿಸ್ಟರ ಗ್ಲೌಸಿನ ಬೆರಳಿಗೆ ಕುಂಕುಮದ ನೀರು ಹಚ್ಚಿ, ದಿನದಂತೆ ಹತ್ತು ನಿಮಿಷ ಕೆಲಸ ಮಾಡಿ ಬನ್ನಿ ಎನ್ನಬೇಕು. ಬಾಗಿಲ ಚಿಲಕ, ಪೆನ್ನು, ಕೇಸ್ ಶೀಟು, ಮೊಬೈಲು, ಕೊನೆಗೆ ಅವರದೇ ಕನ್ನಡಕ ಎಲ್ಲ ಕೆಂಪು. ಗ್ಲೌಸು ಹಾಕಿದ ಕೈ ಮಡಿ ಎಂಬ ಕಲ್ಪನೆ ಅಲ್ಲಿಗೆ ಬಿಟ್ಟುಹೋಗುತ್ತದೆ. ಮಡಿ ಎಂಬ ಪದವನ್ನು ಬೇಕೆಂದೇ ಬಳಸಿದ್ದು. ಎರಡು ಜೊತೆ ಗ್ಲೌಸಿನ ಹಿಂದೆ ಇರುವುದು ಸೋಂಕಿನ ಲೆಕ್ಕಕ್ಕಿಂತ ಮೈಲಿಗೆಯ ಲೆಕ್ಕ.

ಆಮೇಲೆ ಅಂಕಿ. ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿಕೊಂಡರೂ ಎಚ್‌ಐವಿ ದಾಟುವ ಸಾಧ್ಯತೆ ಸುಮಾರು 0.3 ಶೇಕಡಾ, ಸಾವಿರ ಚುಚ್ಚಿಗೆ ಮೂರು. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಲ್ಲಿ, ನೂರಕ್ಕೆ 30ರವರೆಗೂ ಹೋಗುತ್ತದೆ. ಅದಕ್ಕೆ ಲಸಿಕೆ ಇದೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೇ ಡೋಸು ಹಾಕಿಸಿಕೊಂಡವರು ಕೈ ಎತ್ತಿ ಎಂದರೆ ಕೋಣೆ ಮೌನ. ಎಚ್‌ಐವಿ ರೋಗಿಯ ಬೆಡ್‌ಶೀಟ್ ಸುಡಬೇಕೆನ್ನುವವರೂ ಮೂರನೇ ಡೋಸು ಮರೆತಿರುತ್ತಾರೆ.

ಸೂಜಿ ಚುಚ್ಚಿದರೆ ಮಾಡಬೇಕಾದ್ದನ್ನು ಅಭ್ಯಾಸ ಮಾಡಿಸುವುದು ಮುಖ್ಯ, ಭಯ ಇಳಿಸಲು ಇದರಷ್ಟು ಕೆಲಸ ಮಾಡುವುದು ಬೇರೆ ಇಲ್ಲ. ಗಾಯ ಹಿಂಡಬಾರದು, ಬೆರಳು ಬಾಯಿಗಿಡಬಾರದು, ಸ್ಪಿರಿಟ್ಟು ಬ್ಲೀಚು ಸುರಿಯಬಾರದು. ಹರಿಯುವ ನೀರು, ಸೋಪು. ತಕ್ಷಣ ಮೇಲಿನವರಿಗೆ ತಿಳಿಸಿ ಮೊದಲ ಮಾತ್ರೆ ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆ ದಾಟದಂತೆ, ಒಟ್ಟು 28 ದಿನ. ಕೆಡುವುದು ಎಲ್ಲೆಂದರೆ ಮಾತ್ರೆಯಿರುವ ಬೀರುವಿನ ಬೀಗದಲ್ಲಿ. ರಾತ್ರಿ ಪಾಳಿಯಲ್ಲಿ ಬೀಗದ ಕೈ ಯಾರ ಹತ್ತಿರ ಎಂದು ಕೇಳಿದರೆ ಉತ್ತರಕ್ಕೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೆಲಕ್ಕೆ ಚೆಲ್ಲಿದ ರಕ್ತದ ಮೇಲೆ ಬಟ್ಟೆ ಮುಚ್ಚಿ 1 ಶೇಕಡಾ ಹೈಪೊಕ್ಲೋರೈಟ್ ಸುರಿದು 10ರಿಂದ 20 ನಿಮಿಷ ಬಿಡಬೇಕು. 5 ಶೇಕಡಾ ದ್ರಾವಣವಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. 30 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರಾದರೆ ಲೀಟರಿಗೆ ಸುಮಾರು 33 ಗ್ರಾಂ. ದಿನಾ ಹೊಸದು ಕಲಸಬೇಕು. ಸೋಮವಾರ ಕಲಸಿ ಕಿಟಕಿಯ ಬಿಸಿಲಲ್ಲಿಟ್ಟದ್ದು ಗುರುವಾರಕ್ಕೆ ಬರೀ ವಾಸನೆಯ ನೀರು.

ಈ ಮಾದರಿ ನಮ್ಮದಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರಿಯಾ ಎಕ್‌ಸ್ಟ್ರಾಂಡ್ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ನರ್ಸಿಂಗ್ ವಿದ್ಯಾರ್ಥಿಗಳಿಗೂ ವಾರ್ಡ್ ಸಿಬ್ಬಂದಿಗೂ "ದೃಷ್ಟಿ" ಎಂಬ ಹೆಸರಿನಲ್ಲಿ ಪ್ರಯೋಗಿಸಿ ನೋಡಿದ ಚೌಕಟ್ಟಿನಿಂದ ಬಂದದ್ದು: ಎರಡು ಪಾಠ ಟ್ಯಾಬ್ಲೆಟ್ಟಿನಲ್ಲಿ ಒಬ್ಬೊಬ್ಬರೇ ಕೂತು, ಮೂರನೆಯದು ಎದುರುಬದುರು, ಎಚ್‌ಐವಿಯೊಂದಿಗೆ ಬದುಕುವವರೊಬ್ಬರು ಪಾಠ ಹೇಳುವವರಲ್ಲಿ ಒಬ್ಬರಾಗಿ. ಮೂರನೆಯದರಲ್ಲಿ ಜಾರುವ ಜಾಗ ಒಂದಿದೆ, ಕನಿಕರ. ಬಂದವರು ತಮ್ಮ ಕಷ್ಟ ಹೇಳಿಕೊಂಡು ಅಳಿಸಿದರೆ ಎಲ್ಲರೂ "ಅಯ್ಯೋ ಪಾಪ" ಎನ್ನುತ್ತಾರೆ. ಪಾಪ ಎನ್ನುವುದೂ ದೂರ ಇಡುವ ಒಂದು ಬಗೆ. ಆದ್ದರಿಂದ ಜೀವನದ ಕಥೆಗೆ ಇಪ್ಪತ್ತು ನಿಮಿಷದ ಮೇಲೆ ಅವಕಾಶವಿಲ್ಲ. ಸೂಜಿ ಡಬ್ಬಿಗೆ ಹಾಕುವುದು, ಮುಚ್ಚಳ ಮತ್ತೆ ಹಾಕದಿರುವುದು ಇವನ್ನು ಕಲಿಸುವವರು ಅವರೇ. ಕೊನೆಗೆ ಒಬ್ಬೊಬ್ಬರಾಗಿ ಬಂದು ಬರಿಗೈಯಲ್ಲಿ ಅವರ ಬಿಪಿ ನೋಡುತ್ತಾರೆ. ಮೊದಲ ಇಬ್ಬರ ಕೈ ನಡುಗುತ್ತದೆ, ಆರನೆಯವರ ಹೊತ್ತಿಗೆ "ಸಾರ್, ನಿಮ್ಗೆ ಬಿಪಿ ಜಾಸ್ತಿ ಇದೆ, ಉಪ್ಪು ಕಮ್ಮಿ ಮಾಡಿ" ಎಂಬ ಬೈಗುಳ ಬಂದಿರುತ್ತದೆ.

ನಾಲ್ಕನೇ ದಿನ, ಸಕಲೇಶಪುರ

ಹಾಸನದಿಂದ ಆಲೂರು ದಾಟಿ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು. ಶಿರಾಡಿ ಘಾಟಿಗೆ ಇಳಿಯುವ ಲಾರಿಗಳ ಸಾಲು ಈ ರಸ್ತೆಯ ಖಾಯಂ ದೃಶ್ಯ. ಲಾರಿ ಚಾಲಕರ ಕುರಿತು ಹೇಳಲು ಹೆಚ್ಚಿಲ್ಲ. ಅವರನ್ನು ಹುಡುಕಿ ಹೋಗುವ ಯೋಜನೆಗಳು ಬಹಳ ಹಿಂದಿನಿಂದ ಇವೆ, "ಲಾರಿಯವರ ಕಾಯಿಲೆ" ಎಂಬ ಮಾತು ಹುಟ್ಟಿದ್ದರಲ್ಲಿ ಆ ಯೋಜನೆಗಳ ಪೋಸ್ಟರುಗಳ ಪಾಲೂ ಇದೆ.

ಕಾಫಿ ತೋಟದ ಲೈನ್ ಮನೆಗಳು ಬೇರೆ ಸಂಗತಿ. ಫೆಬ್ರುವರಿಯಲ್ಲಿ ರೊಬಸ್ಟಾ ಕೊಯ್ಲು, ಮೆಣಸು ಇಳಿಸುವ ಕೆಲಸ, ಲೈನು ತುಂಬಿರುತ್ತದೆ. ಒಂದೇ ಗೋಡೆಗೆ ಅಂಟಿದ ಎಂಟು ಹತ್ತು ಮನೆ, ಒಂದೇ ನಲ್ಲಿ. ಒಳಗಡೆ ಕೆಮ್ಮಿದರೆ ಆಚೆ ಮನೆಗೆ ಕೇಳುತ್ತದೆ. ಮಾತಾಡಲು ಜಾಗ ಹುಡುಕುವುದೇ ಅರ್ಧ ದಿನದ ಕೆಲಸ. ಮಾಲೀಕರ ಬಂಗಲೆಯ ಜಗಲಿ ಬೇಡ, ರೈಟರ ಆಫೀಸೂ ಬೇಡ. ಕಾಫಿ ಒಣಗಿಸುವ ಕಣದ ಅಂಚಿಗೆ ನಾಲ್ಕು ಕುರ್ಚಿ ಹಾಕಿದರೆ ಎಲ್ಲರಿಗೂ ಕಾಣುತ್ತದೆ, ಯಾರಿಗೂ ಕೇಳಿಸದು. ಅದೇ ಸರಿ. ಮುಚ್ಚಿದ ಬಾಗಿಲಿನ ಹಿಂದೆ ಕರೆದರೆ ಗುಮಾನಿ ಹೆಚ್ಚು.

ತೋಟದ ಎಲ್ಲರಿಗೂ ಬಿಪಿ, ಶುಗರು ನೋಡಲಾಗುತ್ತದೆ, ಎಲ್ಲರೊಂದಿಗೂ ಮಾತು. ಇಲ್ಲಿ ಹೊಸ ತಂಡಗಳು ಮಾಡುವ ತಪ್ಪು ಗಡಿಯಾರದ್ದು. ಸೋಂಕಿಲ್ಲದವರ ಪ್ರಶ್ನೆಗಳು 20 ನಿಮಿಷಕ್ಕೆ ಮುಗಿಯುತ್ತವೆ, ಇದ್ದವರದು 50 ನಿಮಿಷ. ಸಾಲಿನಲ್ಲಿ ನಿಂತವರು ಲೆಕ್ಕ ಹಾಕುತ್ತಾರೆ: "ಅವಳ್ನ ಯಾಕೆ ಅಷ್ಟೊತ್ತು ಕೂರಿಸ್ಕೊಂಡ್ರು?" ಆದ್ದರಿಂದ ಉಳಿದವರಿಗೆ ಬೆನ್ನುನೋವು, ಹೊಗೆಯ ಒಲೆ, ನೀರು ಎಂದು ಇನ್ನರ್ಧ ಗಂಟೆಯ ಪ್ರಶ್ನೆಗಳನ್ನು ಜೋಡಿಸಬೇಕು. ಎಲ್ಲರಿಗೂ 45ರಿಂದ 50 ನಿಮಿಷ. ಒಂದು ದಿನಕ್ಕೆ ಆಗುವ ಸಂದರ್ಶನ ಅರ್ಧಕ್ಕೆ ಇಳಿಯುತ್ತದೆ, ಇಳಿಯಲಿ.

ಅಸ್ಸಾಮಿನಿಂದ ಬಂದ ಕೆಲಸದವರ ಜೊತೆ ಮಾತಾಡಲು ಅವರ ಮೇಸ್ತ್ರಿಯನ್ನೇ ದುಭಾಷಿ ಮಾಡಿಕೊಂಡರೆ ಮುಗಿಯಿತು. ಕೂಲಿ ಲೆಕ್ಕ ಬರೆಯುವವನ ಬಾಯಿಂದ ಇಂಥ ಪ್ರಶ್ನೆ ಹೋಗಬಾರದು. ಮೊದಲೇ ಅವರ ಭಾಷೆಯಲ್ಲಿ ಧ್ವನಿಮುದ್ರಿಸಿದ ಪ್ರಶ್ನೆ, ಕಿವಿಗೆ ಇಯರ್‌ಫೋನು, ಪರದೆಯ ಚಿತ್ರ ಮುಟ್ಟಿ ಉತ್ತರ. ಎದುರಿಗೆ ಕೂತ ಸಂದರ್ಶಕರಿಗೂ ಉತ್ತರ ಏನೆಂದು ಕಾಣುವುದಿಲ್ಲ.

ಮಾತ್ರೆಯ ಡಬ್ಬಿ ಲೈನ್ ಮನೆಯಲ್ಲಿ ದೊಡ್ಡ ತಲೆನೋವು. 30 ಮಾತ್ರೆಯ ಪ್ಲಾಸ್ಟಿಕ್ ಡಬ್ಬಿ ಅಲುಗಾಡಿಸಿದರೆ ಗಲಗಲ ಎನ್ನುತ್ತದೆ. ಜನ ಚೀಟಿ ಕಿತ್ತು, ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಅಕ್ಕಿ ಡಬ್ಬಿಯಲ್ಲೋ ಸೂರಿನ ಸಂದಿಯಲ್ಲೋ ಇಡುತ್ತಾರೆ. ಮಲೆನಾಡಿನ ಜುಲೈಯಲ್ಲಿ ಗೋಡೆಯೇ ಬೆವರುವಾಗ ಕಾಗದದೊಳಗಿನ ಮಾತ್ರೆಗೆ ತೇವ ಹಿಡಿಯದೆ ಇರುವುದಿಲ್ಲ. ಹೇಳಿಕೊಡಬೇಕಾದ್ದು ಸಣ್ಣ ಉಪಾಯ: ಡಬ್ಬಿ ಬಿಡಬೇಡಿ, ತೇವ ಹೀರುವ ಪುಟ್ಟ ಪೊಟ್ಟಣ ಎಸೆಯಬೇಡಿ, ಸದ್ದಿಗೆ ಮೇಲೊಂದು ಒಣ ಹತ್ತಿ ತುರುಕಿ, ಚೀಟಿ ಬೇಕಾದರೆ ಕೀಳಿ. ಚೀಟಿ ಕಿತ್ತದ್ದಕ್ಕೆ ಕೇಂದ್ರದಲ್ಲಿ ಬೈಯಬಾರದು.

ಗುಟ್ಟಿನಿಂದ ಮೈಗೇ ಆಗುವ ನಷ್ಟವೂ ಇದೆ. ರಕ್ತ ಕಡಿಮೆಯೆಂದು ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಇವರು ಬೇರೆ ಮಾತ್ರೆ ನುಂಗುವುದು ಅವರಿಗೆ ಗೊತ್ತಿಲ್ಲ. ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಡೊಲುಟೆಗ್ರಾವಿರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಮಾತ್ರೆಗೂ ಇದೇ ಮಾತು. ಎಚ್‌ಐವಿ ಮಾತ್ರೆಯನ್ನು ಇವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಇಲ್ಲವೇ ಊಟದ ಜೊತೆ ಒಟ್ಟಿಗೆ ನುಂಗಿದರೂ ನಡೆಯುತ್ತದೆ. ಯಾರಿಗೂ ಏನೂ ಹೇಳದೆ ಪಾಲಿಸಬಹುದಾದ ಸಲಹೆ ಈ ಎರಡನೆಯದು: ರಾತ್ರಿ ಊಟದ ಜೊತೆ ಎರಡೂ.

ಐದನೇ ದಿನ, ಅರೇಹಳ್ಳಿ, ಬೇಲೂರು, ಚಿಕ್ಕಮಗಳೂರು

ಸಕಲೇಶಪುರದಿಂದ ಅರೇಹಳ್ಳಿ ಮೇಲೆ ಬೇಲೂರು, ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 25 ಕಿಲೋಮೀಟರು. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಕಡುಬು ತಿಂದದ್ದು ಬಿಟ್ಟರೆ ದೇವಸ್ಥಾನದ ಕಡೆಗೂ ಹೋಗಲಾಗಲಿಲ್ಲ. ಪ್ರಶ್ನಾವಳಿ ಕೆಟ್ಟು ಕೂತಿತ್ತು.

ಎಚ್‌ಐವಿ ಕಳಂಕವನ್ನು ನಾಲ್ಕು ಬಗೆಯಾಗಿ ನೋಡುವ ರೂಢಿ ಈ ಕ್ಷೇತ್ರದಲ್ಲಿದೆ: ನಿಜಕ್ಕೂ ಅನುಭವಿಸಿದ್ದು, ಬೇರೆಯವರಿಗೆ ಆದದ್ದನ್ನು ಕೇಳಿ ಹೆದರಿದ್ದು, ಊರಿನವರು ಹೀಗೆ ಎಂದು ಊಹಿಸಿದ್ದು, ತಾನೇ ತನ್ನನ್ನು ಹಳಿದುಕೊಂಡಿದ್ದು. ಇಂಗ್ಲಿಷಿನ ಪ್ರಶ್ನೆಯನ್ನು ಒಬ್ಬರು ಕನ್ನಡಕ್ಕೆ ತರುವುದು, ಅದನ್ನು ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ಒಯ್ಯುವುದು, ಎರಡನ್ನೂ ಹೋಲಿಸುವುದು ಪದ್ಧತಿ. ಆ ಪರೀಕ್ಷೆಯಲ್ಲಿ ಪಾಸಾದ ಪ್ರಶ್ನೆಯೂ ಲೈನ್ ಮನೆಯ ಮುಂದೆ ಮುಗ್ಗರಿಸುತ್ತದೆ. "ನೀವು ಕಳಂಕ ಅನುಭವಿಸಿದ್ದೀರಾ?" ಎಂದು ಕೇಳಿ ನೋಡಿ. ಕಳಂಕ ಪುಸ್ತಕದ ಮಾತು, ಚಂದ್ರನಿಗೆ ಇರುವಂಥದ್ದು. ಆಡುಮಾತಿನಲ್ಲಿ ಮನುಷ್ಯರಿಗೆ ಅದು ಅಂಟುವುದು ನಡತೆಯ ಬಗ್ಗೆ ಮಾತು ಬಂದಾಗ. ಹೆಂಗಸರಿಗೆ ಪ್ರಶ್ನೆ "ನಿಮ್ಮ ನಡತೆ ಕೆಟ್ಟದ್ದೇ?" ಎಂದು ಕೇಳಿಸುತ್ತದೆ. ಜನ ನಿಜವಾಗಿ ಆಡುವ ಮಾತುಗಳು ಬೇರೆ: "ದೂರ ಇಡ್ತಾರೆ", "ಮುಟ್ಟಿಸ್ಕೊಳ್ಳಲ್ಲ", "ಲೋಟ ಬೇರೆ ಇಡ್ತಾರೆ", "ಒಂಥರಾ ನೋಡ್ತಾರೆ". ಕೊನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. "ಕಳೆದ ಆರು ತಿಂಗಳಲ್ಲಿ ಯಾರಾದರೂ ಒಂಥರಾ ನೋಡಿದ್ದುಂಟಾ?" ಎಂದರೆ ಮಾತು ತಾನಾಗಿ ಹರಿಯುತ್ತದೆ.

ಎರಡನೆಯ ತೊಡಕು, "ಇಲ್ಲ" ಎಂಬುದನ್ನು ಒಳಗಿಟ್ಟುಕೊಂಡ ಪ್ರಶ್ನೆ. "ಆಸ್ಪತ್ರೆಯಲ್ಲಿ ನಿಮ್ಮನ್ನು ಯಾರೂ ಕಾಯಿಸಿಲ್ಲವೇ?" ಎಂದರೆ "ಹ್ಞೂಂ". ಹ್ಞೂಂ, ಕಾಯಿಸಿಲ್ಲ ಎಂದೋ, ಹ್ಞೂಂ, ಕಾಯಿಸಿದ್ದಾರೆ ಎಂದೋ? ನಿಷೇಧದ ಪ್ರಶ್ನೆಗಳನ್ನೆಲ್ಲ ತಿರುಗಿಸಿ ಬರೆಯುವುದರಲ್ಲಿ ಮಧ್ಯಾಹ್ನ ಕಳೆಯಿತು. ಈಗಾಗಲೇ ಹಾಗೆ ಕೇಳಿ ಪಡೆದ ಉತ್ತರಗಳನ್ನು ಲೆಕ್ಕದಿಂದ ಬಿಡಬೇಕು, ಊಹಿಸಿ ಸರಿಮಾಡುವಂತಿಲ್ಲ.

"ಪೂರ್ತಿ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ" ಎಂಬ ಏಣಿಯೂ ಹಳ್ಳಿಯಲ್ಲಿ ನಡೆಯದು. ಅದಕ್ಕೆ ಚಿತ್ರ ಮಾಡಿಸಲಾಗಿತ್ತು: ಖಾಲಿ ಲೋಟ, ಕಾಲು, ಅರ್ಧ, ತುಂಬಿದ ಲೋಟ. ನೋಡಲು ಚೆಂದ, ಕಚೇರಿಯಲ್ಲಿ ಎಲ್ಲರಿಗೂ ಇಷ್ಟ. ಆದರೆ ಬೇರೆ ಲೋಟ ಇಡುವುದೇ ಅವಮಾನದ ಮೊದಲ ಗುರುತಾದ ಊರಿನಲ್ಲಿ, ಜಾತಿಗೂ ಕಾಯಿಲೆಗೂ ಅದೇ ಲೋಟ ಬಳಕೆಯಾದ ಊರಿನಲ್ಲಿ, ಅವಮಾನ ಎಷ್ಟಾಯಿತು ಎಂದು ಲೋಟ ತೋರಿಸಿ ಕೇಳುವುದೇ? ಚಿತ್ರ ನೋಡಿದ ಒಬ್ಬರು "ಇದೇನು, ನನ್ನ ಲೋಟ ತೋರಿಸ್ತಿದೀರಾ?" ಎಂದು ನಕ್ಕರು. ಹಾಳೆಗಳು ಡಿಕ್ಕಿಗೆ ಹೋದವು. ಚಿಕ್ಕಮಗಳೂರಿನಲ್ಲಿ ಬೇರೆ ಏನೂ ಸಿಗದಿದ್ದರೂ ಕಾಫಿ ಬೀಜ ಸಿಗುತ್ತದೆ. ತಟ್ಟೆಗೆ ನಾಲ್ಕು ಬೀಜ, "ಏನೂ ಇಲ್ಲ ಅಂದ್ರೆ ಒಂದೂ ಎತ್ತಬೇಡಿ, ತುಂಬಾ ಅಂದ್ರೆ ನಾಲ್ಕೂ ಎತ್ತಿ". ಸೊನ್ನೆಯಿಂದ ನಾಲ್ಕು ಅಂಕ. ಯೋಚಿಸುತ್ತ ಬೀಜ ಉರುಳಿಸುವಾಗ ಮಾತು ಹೆಚ್ಚು ಬರುತ್ತದೆ ಎಂಬುದು ಕೇಳದೆ ಸಿಕ್ಕ ಲಾಭ.

ಸಂಜೆ ಎರಡು ಸಣ್ಣ ಕಥೆಗಳ ಪ್ರಶ್ನೆಯನ್ನು ಊರಿನವರ ಮೇಲೆ ಪ್ರಯೋಗಿಸಲಾಯಿತು. ಒಬ್ಬ ಗಂಡಸಿಗೆ ರಕ್ತ ಹಾಕಿಸಿಕೊಂಡಾಗ ಸೋಂಕು ಬಂತು. ಎರಡನೇ ಕಥೆಯಲ್ಲಿ ಅದೇ ಗಂಡಸು, ಅದೇ ಮನೆ, ಸೋಂಕು ಬಂದ ದಾರಿ ಮಾತ್ರ ಹೊರಗಿನ ಸಂಬಂಧ. ಒಬ್ಬರಿಗೆ ಒಂದೇ ಕಥೆ. ಅವನ ಅಂಗಡಿಯಲ್ಲಿ ತರಕಾರಿ ಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಎರಡೂ ಗುಂಪಿನ ಉತ್ತರ ಒಂದೇ ಆಗಬೇಕು, ಏಕೆಂದರೆ ವೈರಸ್ಸು ಒಂದೇ. ಆಗದಿದ್ದಷ್ಟೂ ಅದು ಸೋಂಕಿನ ಭಯವಲ್ಲ, ತೀರ್ಪು. ಭಯಕ್ಕೆ ಮಾಹಿತಿ ಕೊಟ್ಟರೆ ಇಳಿಯುತ್ತದೆ. ತೀರ್ಪಿಗೆ ಮಾಹಿತಿ ನಾಟುವುದಿಲ್ಲ, ಪೋಸ್ಟರು ಸೋಲುವುದು ಅಲ್ಲಿ.

ಆರನೇ ದಿನ, ಕಡೂರು ಕಡೆ

ಚಿಕ್ಕಮಗಳೂರಿನ ಹಸಿರು ಕಡೂರಿಗೆ ಬರುವಷ್ಟರಲ್ಲಿ ತೆಂಗು, ರಾಗಿ ಹೊಲಗಳಾಗಿರುತ್ತದೆ. ಒಂದು ಪಂಚಾಯಿತಿ ಸಭಾಂಗಣದಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು. ಇಲ್ಲಿ ಎಚ್‌ಐವಿಯನ್ನು ಹೆಸರಿಟ್ಟೇ ಮಾತಾಡಬಹುದು, ಯಾರದೂ ಗುರುತಿಲ್ಲ.

ಕೂಸಿನ ಪ್ರಶ್ನೆ ಬಂತು. ತಾಯಿ ಚಿಕಿತ್ಸೆ ಪಡೆಯದಿದ್ದರೆ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿ ಮಾತ್ರೆ ತೆಗೆದುಕೊಂಡು ಮಗುವಿಗೂ ಔಷಧಿ ಹಾಕಿದರೆ 5ಕ್ಕಿಂತ ಕೆಳಗೆ. ಆರು ತಿಂಗಳು ಬರೀ ಎದೆಹಾಲು. ಆರನೇ ವಾರದಲ್ಲಿ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಮೊದಲ ಪರೀಕ್ಷೆ, 18ನೇ ತಿಂಗಳಲ್ಲಿ ಅಂತಿಮ ಫಲಿತಾಂಶ. "ಡಬ್ಬಿ ಹಾಲು ಕೊಟ್ರೆ ಸೇಫ್ ಅಲ್ವಾ ಮೇಡಂ?" ಎಂದು ಒಬ್ಬರು ಕೇಳಿದರು. ಹಳ್ಳಿಯಲ್ಲಿ ಬಾಣಂತಿ ಡಬ್ಬಿ ಹಾಲು ಕೊಟ್ಟರೆ ಮೊದಲ ಪ್ರಶ್ನೆಯೇ ಯಾಕೆ ಎಂದು. ಡಬ್ಬಿ ಗುಟ್ಟು ಹೊರಹಾಕುತ್ತದೆ, ಕೊಳಕು ನೀರಿನಿಂದ ಭೇದಿ ಬೇರೆ. ಅರ್ಧ ಎದೆಹಾಲು ಅರ್ಧ ಡಬ್ಬಿ ಹಾಲು ಎಂಬ ಮಧ್ಯದ ದಾರಿಯಂತೂ ಬೇಡವೇ ಬೇಡ.

ಕಾನೂನು ಹೇಳುವಾಗ ಕಲಮಿನ ಸಂಖ್ಯೆ ಓದಿದರೆ ನಿದ್ದೆ ಬರುತ್ತದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ. ಕೆಲಸದಿಂದ, ಶಾಲೆಯಿಂದ, ಮನೆಯಿಂದ ಹೊರಹಾಕುವಂತಿಲ್ಲ. 20 ಅಥವಾ ಹೆಚ್ಚು ಜನರಿರುವ ಆಸ್ಪತ್ರೆಯಲ್ಲೂ 100 ಅಥವಾ ಹೆಚ್ಚು ಜನರಿರುವ ಬೇರೆ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು. ಅದರ ಮೇಲೆ ದೂರು ವಿಚಾರಿಸುವ ರಾಜ್ಯದ ಒಂಬುಡ್ಸ್‌ಮನ್, 30 ದಿನದೊಳಗೆ ಆದೇಶ, ತುರ್ತು ಚಿಕಿತ್ಸೆಯ ವಿಷಯವಾದರೆ ಆದಷ್ಟೂ 24 ಗಂಟೆಯೊಳಗೆ. ದ್ವೇಷ ಹಬ್ಬಿಸಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕೋರ್ಟಿನಲ್ಲೂ ಹೆಸರು ಮರೆಮಾಡಿ ಹೋರಾಡಬಹುದು. ಒಂದು ಕೈ ಮೇಲೆದ್ದಿತು: "ದೂರು ಕೊಡೋಕೆ ಹೋದ್ರೆ ಆಫೀಸಿನ ಜವಾನನಿಗೆ ಗೊತ್ತಾಗುತ್ತಲ್ಲ?" ಆಗುತ್ತದೆ. ಕಾಯ್ದೆ ಚೆನ್ನಾಗಿದೆ, ಅದರ ಬಾಗಿಲಲ್ಲೂ ಒಂದು ಬೆಂಚಿದೆ. ಸದ್ಯಕ್ಕೆ ಮೊದಲ ಹೆಜ್ಜೆಗೆ 1097 ಸಹಾಯವಾಣಿ. ಪುಕ್ಕಟೆ ಕರೆ, ಹೆಸರು ಹೇಳಬೇಕಿಲ್ಲ. ಆ ಸಂಖ್ಯೆಯನ್ನೂ ಫೋನಿನ ಕರೆಪಟ್ಟಿಯಿಂದ ಅಳಿಸುವುದು ಹೇಗೆಂದು ಅಲ್ಲೇ ತೋರಿಸಲಾಯಿತು.

ಸಂಜೆ ಚಿಕ್ಕಮಗಳೂರಿಗೆ ವಾಪಸ್. ಧ್ವನಿಮುದ್ರಣಗಳನ್ನು ಬೀಗಹಾಕಿದ ಸರ್ವರಿಗೆ ಏರಿಸಿ, ಏರಿದ್ದು ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಟ್ಯಾಬ್ಲೆಟ್ಟಿನಿಂದ ಅಳಿಸುವುದು. ಈ ಕ್ರಮ ತಿರುಗಿಸಿದ ತಂಡಗಳು ಒಂದು ವಾರದ ಕೆಲಸ ಕಳೆದುಕೊಂಡದ್ದುಂಟು. ಮುಂದಿನ ಸುತ್ತು ಜೂನಿನಲ್ಲಿ ಎಂದು ಮೊದಲು ಬರೆದಿದ್ದು, ಹೊಡೆದುಹಾಕಬೇಕಾಯಿತು. ಮಳೆ ಹಿಡಿದಮೇಲೆ ಕೊಯ್ಲಿಗೆ ಬಂದವರು ಊರಿಗೆ ಹೋಗಿರುತ್ತಾರೆ, ಲೈನು ಅರ್ಧ ಖಾಲಿ. ಅರೇಬಿಕಾ ಹಣ್ಣಾಗುವ ನವೆಂಬರಿಗೆ ಮತ್ತೆ. ಬೇರೆ ಜೀಪು, ಬೇರೆ ಸಿಮ್ಮು, ಡಿಸೆಂಬರ್ 1ಕ್ಕೆ ಸಾಕಷ್ಟು ಮುಂಚೆ.